ಪ್ಲಾಸ್ಟಿಕ್‌ನಿಂದ ಮತ್ತೆ ಎಣ್ಣೆಗೆ: ಒಂದು ಮರುಪಯಣದ ಇತಿಹಾಸ

ಪ್ಲಾಸ್ಟಿಕ್ ಕಸದಿಂದ ಪೆಟ್ರೋಲ್ ಅಥವಾ ಡೀಸೆಲ್ ತಯಾರಿಸಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಒಂದು ಡಬ್ಬಿ, ಅದರ ಕೆಳಗೆ ಒಲೆ, ಡಬ್ಬಿಯಿಂದ ಹೊರಟ ಕೊಳವೆ, ಕೊಳವೆಯ ತುದಿಯಲ್ಲಿ ತೊಟ್ಟಿಕ್ಕುವ ಹಳದಿ ದ್ರವ. ವಿಜ್ಞಾನ ವಸ್ತುಪ್ರದರ್ಶನಗಳಲ್ಲಿಯೂ ಇದು ಎಲ್ಲರ ಗಮನ ಸೆಳೆಯುವ ಮಾದರಿ. ಇದನ್ನು ನೋಡಿದ ವಿದ್ಯಾರ್ಥಿಯೊಬ್ಬ ಸಹಜವಾಗಿ ಕೇಳಬಹುದಾದ ಪ್ರಶ್ನೆ ಒಂದಿದೆ: ಇದು ಇಷ್ಟು ಸುಲಭವಾದರೆ ಊರ ಹೊರಗಿನ ಕಸದ ಗುಡ್ಡ ಏಕೆ ಇನ್ನೂ ಬೆಳೆಯುತ್ತಲೇ ಇದೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಒಂದು, ಇದೆಲ್ಲ ಸುಳ್ಳು ಎಂಬುದು. ಇನ್ನೊಂದು, ನಮ್ಮವರ ಸಂಶೋಧನೆಗೆ ಪ್ರೋತ್ಸಾಹ ಸಿಗುತ್ತಿಲ್ಲ ಎಂಬುದು. ಎರಡೂ ಸರಿಯಲ್ಲ. ಇದರ ಹಿಂದಿರುವ ರಸಾಯನ ವಿಜ್ಞಾನ ನಿಜ. ಅಷ್ಟೇ ಅಲ್ಲ, ಅದು ಒಂದೂಮುಕ್ಕಾಲು ಶತಮಾನಕ್ಕಿಂತಲೂ ಹಳೆಯದು. ಹಣವನ್ನೂ ಶ್ರೀಮಂತ ದೇಶಗಳು ಧಾರಾಳವಾಗಿಯೇ ಸುರಿದಿವೆ. ಆದರೂ ದೊಡ್ಡ ದೊಡ್ಡ ಸ್ಥಾವರಗಳು ಕೆಲವೇ ವರ್ಷ ನಡೆದು ಬಾಗಿಲು ಮುಚ್ಚಿದವು. ಏಕೆ ಎಂಬುದನ್ನು ಈ ವಿದ್ಯೆಯ ಇತಿಹಾಸವೇ ಹೇಳುತ್ತದೆ.

ದೈತ್ಯ ಅಣುವಿನ ಕಲ್ಪನೆಗೂ ಮೊದಲು

1839ರಲ್ಲಿ ಬರ್ಲಿನ್ನಿನ ಔಷಧ ತಯಾರಕ ಎಡುವಾರ್ಡ್ ಸಿಮೊನ್ ಅವರು ಸ್ಟೋರಾಕ್ಸ್ ಎಂಬ ಮರದ ಅಂಟನ್ನು ಬಟ್ಟಿ ಇಳಿಸಿ ಎಣ್ಣೆಯಂಥ ದ್ರವವೊಂದನ್ನು ಪಡೆದರು. ಅದನ್ನು ಸ್ಟೈರೋಲ್ ಎಂದು ಕರೆದರು. ಹಾಗೆಯೇ ಇಟ್ಟ ದ್ರವ ಕ್ರಮೇಣ ಲೋಳೆಯಂತೆ ಗಟ್ಟಿಯಾಯಿತು. ಗಾಳಿಯ ಆಕ್ಸಿಜನ್ ಸೇರಿ ಹೀಗಾಗಿದೆ ಎಂದು ಅವರು ಭಾವಿಸಿದರು. 1845ರಲ್ಲಿ ಜಾನ್ ಬ್ಲೈತ್ ಮತ್ತು ಆಗಸ್ಟ್ ವಿಲ್‌ಹೆಲ್ಮ್ ಹಾಫ್‌ಮನ್ ಇದನ್ನು ಪರೀಕ್ಷಿಸಿದರು. ಆಕ್ಸಿಜನ್ ಇಲ್ಲದೆಯೂ ದ್ರವ ಗಟ್ಟಿಯಾಗುತ್ತದೆ, ಗಟ್ಟಿಯಾದ ವಸ್ತುವಿನಲ್ಲಿ ಕಾರ್ಬನ್ ಮತ್ತು ಹೈಡ್ರೊಜನ್‌ಗಳ ಪ್ರಮಾಣ ಮೂಲ ದ್ರವದಲ್ಲಿದ್ದಷ್ಟೇ ಇರುತ್ತದೆ ಎಂದು ತೋರಿಸಿದರು. ಈ ಗಟ್ಟಿ ವಸ್ತುವನ್ನು ಬಲವಾಗಿ ಕಾಯಿಸಿದರೆ ಅದು ಮತ್ತೆ ಮೊದಲಿನ ದ್ರವವಾಗುವುದನ್ನೂ ಅವರು ಗಮನಿಸಿದರು.

ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಸ್ಟೈರೀನ್ ಅಣುಗಳು ಸರಪಳಿಯಾಗಿ ಜೋಡಣೆಗೊಂಡು ಪಾಲಿಸ್ಟೈರೀನ್ ಆಗಿದ್ದವು. ಕಾಯಿಸಿದಾಗ ಆ ಸರಪಳಿ ಬಿಚ್ಚಿಕೊಂಡಿತ್ತು. ಅಂದರೆ ಪ್ಲಾಸ್ಟಿಕ್ ಯುಗ ಆರಂಭವಾಗುವುದಕ್ಕೆ ಬಹಳ ಮೊದಲೇ ಪ್ಲಾಸ್ಟಿಕ್ ಒಂದನ್ನು ದ್ರವಕ್ಕೆ ಮರಳಿಸಿಯಾಗಿತ್ತು. 1860ರಲ್ಲಿ ಇಂಗ್ಲೆಂಡಿನ ಗ್ರೆವಿಲ್ ವಿಲಿಯಮ್ಸ್ ಸಹಜ ರಬ್ಬರನ್ನು ಇದೇ ರೀತಿ ಕಾಯಿಸಿ ಬಟ್ಟಿ ಇಳಿಸಿ ಐಸೊಪ್ರೀನ್ ಎಂಬ ಹಗುರ ದ್ರವವನ್ನು ಪಡೆದರು. ಗಾಳಿಯ ಸಂಪರ್ಕವಿಲ್ಲದೆ ಶಾಖದಿಂದ ಅಣುಗಳನ್ನು ಒಡೆಯುವ ಈ ಕ್ರಿಯೆಗೆ ಉಷ್ಣವಿಘಟನೆ ಅಥವಾ ಪೈರಾಲಿಸಿಸ್ ಎಂದು ಹೆಸರು.

ಇಷ್ಟಾದರೂ ಇಂಥ ವಸ್ತುಗಳ ರಚನೆ ಏನು ಎಂಬುದು ಯಾರಿಗೂ ತಿಳಿದಿರಲಿಲ್ಲ. ಚಿಕ್ಕ ಅಣುಗಳು ದುರ್ಬಲ ಬಲಗಳಿಂದ ಗುಂಪುಗೂಡಿವೆ ಎಂದೇ ಬಹುತೇಕ ವಿಜ್ಞಾನಿಗಳು ನಂಬಿದ್ದರು. ಸಾವಿರಾರು ಪರಮಾಣುಗಳು ಸಾಮಾನ್ಯ ರಾಸಾಯನಿಕ ಬಂಧಗಳಿಂದಲೇ ಕೂಡಿ ಉದ್ದನೆಯ ಸರಪಳಿಯಾಗಿವೆ ಎಂದು 1920ರಲ್ಲಿ ವಾದಿಸಿದವರು ಹರ್ಮನ್ ಸ್ಟೌಡಿಂಗರ್. ಹಲವು ವರ್ಷ ವಿರೋಧ ಎದುರಿಸಿದ ಈ ವಾದಕ್ಕೆ 1953ರಲ್ಲಿ ನೊಬೆಲ್ ಪುರಸ್ಕಾರ ಸಂದಿತು.

ಒಡೆಯುವ ವಿದ್ಯೆ, ಕಟ್ಟುವ ವಿದ್ಯೆ

ಉದ್ದನೆಯ ಹೈಡ್ರೊಕಾರ್ಬನ್ ಸರಪಳಿಗಳನ್ನು ದೊಡ್ಡ ಪ್ರಮಾಣದಲ್ಲಿ ಒಡೆಯುವ ಕೌಶಲ ಬಂದದ್ದು ಪೆಟ್ರೋಲಿಯಂ ಉದ್ಯಮದಿಂದ. ಕಚ್ಚಾ ತೈಲವನ್ನು ಬರಿದೇ ಬಟ್ಟಿ ಇಳಿಸಿದರೆ ಪೆಟ್ರೋಲ್ ಸಿಗುವುದು ಸ್ವಲ್ಪ; ಭಾರವಾದ ಎಣ್ಣೆಗಳೇ ಹೆಚ್ಚು. ಭಾರದ ಎಣ್ಣೆಯನ್ನು ಒತ್ತಡದಲ್ಲಿ ಕಾಯಿಸಿ ಒಡೆಯುವ ವಿಧಾನಕ್ಕೆ 1891ರಲ್ಲಿ ರಷ್ಯದ ವ್ಲಾದಿಮಿರ್ ಶುಖೋವ್ ಮತ್ತು ಸಂಗಡಿಗರು ಪೇಟೆಂಟ್ ಪಡೆದರು. ಆಗ ಮೋಟಾರು ವಾಹನಗಳೇ ವಿರಳವಾದ್ದರಿಂದ ಅದರ ಅಗತ್ಯ ಯಾರಿಗೂ ಕಾಣಲಿಲ್ಲ. ಅಮೆರಿಕದಲ್ಲಿ ಕಾರುಗಳ ಸಂಖ್ಯೆ ಏರಿದಾಗ ವಿಲಿಯಂ ಬರ್ಟನ್ ರೂಪಿಸಿದ ಕ್ರ್ಯಾಕಿಂಗ್ ವಿಧಾನ 1913ರಲ್ಲಿ ಪೇಟೆಂಟ್ ಪಡೆದು ಬಳಕೆಗೆ ಬಂತು. ಒಂದು ಬ್ಯಾರೆಲ್ ಕಚ್ಚಾ ತೈಲದಿಂದ ಸಿಗುವ ಪೆಟ್ರೋಲ್ ಸುಮಾರು ಇಮ್ಮಡಿಯಾಯಿತು. 1930ರ ದಶಕದಲ್ಲಿ ಯೂಜೀನ್ ಹೂಡ್ರಿ ಜೇಡಿಯಂಥ ಕ್ರಿಯಾವರ್ಧಕವನ್ನು ಬಳಸಿ ಇದೇ ಕೆಲಸವನ್ನು ಇನ್ನಷ್ಟು ಚೆನ್ನಾಗಿ ಮಾಡಿದರು. ಇಂದಿನ ಪ್ರತಿಯೊಂದು ದೊಡ್ಡ ತೈಲ ಸಂಸ್ಕರಣಾಗಾರದಲ್ಲಿಯೂ ಈ ವಿದ್ಯೆಯ ಮುಂದುವರಿದ ರೂಪ ಇದೆ.

ಅದೇ ದಶಕದಲ್ಲಿ ಕಟ್ಟುವ ವಿದ್ಯೆಯೂ ಬೆಳೆಯಿತು. 1933ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಸಾವಿರಕ್ಕೂ ಹೆಚ್ಚು ವಾಯುಭಾರದ ಒತ್ತಡದಲ್ಲಿ ಎಥಿಲೀನ್ ಅನಿಲದ ಮೇಲೆ ಪ್ರಯೋಗ ನಡೆಸುತ್ತಿದ್ದರು. ನಿರೀಕ್ಷಿಸಿದ ಕ್ರಿಯೆ ನಡೆಯಲಿಲ್ಲ. ಪಾತ್ರೆಯಲ್ಲಿ ಮೇಣದಂಥ ಬಿಳಿಯ ವಸ್ತು ಉಳಿದಿತ್ತು. ಅದೇ ಪಾಲಿಎಥಿಲೀನ್ ಅಥವಾ ಪಾಲಿಥೀನ್. 1953ರಲ್ಲಿ ಜರ್ಮನಿಯ ಕಾರ್ಲ್ ತ್ಸೀಗ್ಲರ್ ಕಡಿಮೆ ಒತ್ತಡದಲ್ಲಿಯೇ ಇದನ್ನು ತಯಾರಿಸುವ ಕ್ರಿಯಾವರ್ಧಕವನ್ನು ಕಂಡುಹಿಡಿದರು. ಮರುವರ್ಷ ಇಟಲಿಯ ಜ್ಯೂಲಿಯೊ ನಾಟ್ಟಾ ಅದೇ ಬಗೆಯ ಕ್ರಿಯಾವರ್ಧಕದಿಂದ ಪಾಲಿಪ್ರೊಪಿಲೀನ್ ಪಡೆದರು. ಇಬ್ಬರಿಗೂ 1963ರಲ್ಲಿ ನೊಬೆಲ್ ಪುರಸ್ಕಾರ ಲಭಿಸಿತು. ನಮ್ಮ ಹಾಲಿನ ಪ್ಯಾಕೆಟ್, ಬಕೆಟ್, ಗೋಣಿಯ ಬದಲು ಬಂದಿರುವ ಚೀಲ ಎಲ್ಲವೂ ಈ ಎರಡು ಶೋಧಗಳ ಸಂತಾನ.

ಹೀಗೆ ಎಣ್ಣೆಯ ದೊಡ್ಡ ಅಣುಗಳನ್ನು ಒಡೆದು ಎಥಿಲೀನ್, ಎಥಿಲೀನನ್ನು ಪೋಣಿಸಿ ಪಾಲಿಥೀನ್. ಪೆಟ್ರೋಲ್ ಅಣುವಿನಲ್ಲಿ ಸುಮಾರು 5ರಿಂದ 12 ಕಾರ್ಬನ್ ಪರಮಾಣುಗಳಿದ್ದರೆ ಡೀಸೆಲ್‌ನಲ್ಲಿ ಸುಮಾರು 10ರಿಂದ 20 ಇರುತ್ತವೆ. ಪಾಲಿಥೀನ್ ಸರಪಳಿಯಲ್ಲಿ ಸಾವಿರಾರು. ಮೂರರಲ್ಲಿಯೂ ಇರುವುದು ಕಾರ್ಬನ್ ಮತ್ತು ಹೈಡ್ರೊಜನ್ ಮಾತ್ರ. ಪಾಲಿಥೀನನ್ನು ಗಟ್ಟಿಯಾದ ಪೆಟ್ರೋಲಿಯಂ ಎಂದರೆ ದೊಡ್ಡ ತಪ್ಪೇನಲ್ಲ.

ಶಕ್ತಿಯ ಲೆಕ್ಕ

ಸರಪಳಿಯನ್ನು ಒಡೆಯಲು ಖರ್ಚಾಗುವ ಶಕ್ತಿ, ಸಿಗುವ ಶಕ್ತಿಗಿಂತ ಹೆಚ್ಚಲ್ಲವೇ ಎಂಬ ಅನುಮಾನ ಸಹಜ. ಸ್ಥೂಲವಾಗಿ ಲೆಕ್ಕ ಹಾಕೋಣ. ಒಂದು ಕಿಲೋಗ್ರಾಂ ಪಾಲಿಥೀನನ್ನು ಕೋಣೆಯ ತಾಪದಿಂದ 450 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 1.1 ಮೆಗಾಜೂಲ್ ಬೇಕು. ಕರಗಿಸಲು 0.2 ಮೆಗಾಜೂಲ್. ಇನ್ನು ಬಂಧಗಳು. ಒಂದು ಮೋಲ್ ಕಾರ್ಬನ್–ಕಾರ್ಬನ್ ಏಕಬಂಧ ಮುರಿಯಲು ಸುಮಾರು 350 ಕಿಲೋಜೂಲ್ ಬೇಕಾದರೂ, ಮುರಿದ ತುಂಡುಗಳಲ್ಲಿ ಒಂದರಲ್ಲಿ ದ್ವಿಬಂಧ ಏರ್ಪಡುವುದರಿಂದ ಹೆಚ್ಚಿನ ಭಾಗ ಹಿಂದಕ್ಕೆ ಬರುತ್ತದೆ. ನಿವ್ವಳ ಖರ್ಚು 90 ಕಿಲೋಜೂಲ್‌ನಷ್ಟು. ಪ್ರತಿಯೊಂದು ತುಂಡಿನಲ್ಲಿ 12 ಕಾರ್ಬನ್‌ಗಳಿವೆ ಎಂದಿಟ್ಟುಕೊಂಡರೆ ಒಂದು ಮೋಲ್ ತುಂಡುಗಳ ತೂಕ 168 ಗ್ರಾಂ. ಕಿಲೋಗ್ರಾಮಿಗೆ ಸುಮಾರು 6 ಮೋಲ್. ಖರ್ಚು ಸುಮಾರು 0.5 ಮೆಗಾಜೂಲ್. ಆವಿಯಾಗಲು ಬೇಕಾದ ಶಾಖವನ್ನೂ ಸೇರಿಸಿದರೆ ಒಟ್ಟು ಸುಮಾರು 2 ಮೆಗಾಜೂಲ್.

ಅದೇ ಒಂದು ಕಿಲೋಗ್ರಾಂ ಪಾಲಿಥೀನನ್ನು ಉರಿಸಿದರೆ ಸಿಗುವುದು ಸುಮಾರು 46 ಮೆಗಾಜೂಲ್. ಶಾಖ ಸೋರಿಕೆಯನ್ನು ಧಾರಾಳವಾಗಿ ಲೆಕ್ಕಕ್ಕೆ ತೆಗೆದುಕೊಂಡರೂ ಲಾಭವೇ. ಒಡೆಯುವಾಗ ಹುಟ್ಟುವ, ದ್ರವವಾಗದ ಹಗುರ ಅನಿಲಗಳನ್ನು ಉರಿಸಿಯೇ ಒಲೆಗೆ ಬೇಕಾದ ಶಾಖ ಪಡೆಯಬಹುದು. ಹಾಗಾದರೆ ಶಕ್ತಿಯ ನಿತ್ಯತೆಯ ನಿಯಮ ಇಲ್ಲಿ ಅಡ್ಡಿಯಲ್ಲ. ತೊಡಕು ಬೇರೆಡೆ ಇದೆ.

ಹ್ಯಾಂಬರ್ಗಿನ ಮರಳು

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟು ಏರಿತು. ಸಾಕಷ್ಟು ಸ್ವಂತ ತೈಲವಿಲ್ಲದ ಕೈಗಾರಿಕಾ ದೇಶಗಳಾದ ಜಪಾನ್ ಮತ್ತು ಜರ್ಮನಿಗಳಲ್ಲಿ ಪ್ಲಾಸ್ಟಿಕ್ ಕಸ ಒಂದು ಸಂಪನ್ಮೂಲವಾಗಿ ಕಾಣತೊಡಗಿತು. ಹ್ಯಾಂಬರ್ಗ್ ವಿಶ್ವವಿದ್ಯಾಲಯದಲ್ಲಿ ಹ್ಯಾನ್ಸ್‌ಯೋರ್ಗ್ ಸಿನ್ ಮತ್ತು ವಾಲ್ಟರ್ ಕಾಮಿನ್ಸ್‌ಕಿ ನಡೆಸಿದ ಪ್ರಯೋಗಗಳು ಈ ಕ್ಷೇತ್ರದ ಬುನಾದಿ ಎನ್ನಬಹುದು.

ಪ್ಲಾಸ್ಟಿಕ್ ಶಾಖವನ್ನು ಸರಿಯಾಗಿ ವಹಿಸುವುದಿಲ್ಲ, ಕರಗಿದಾಗ ಅಂಟಾಗುತ್ತದೆ. ಪಾತ್ರೆಯ ಗೋಡೆಗೆ ಹತ್ತಿದ ಭಾಗ ಸುಟ್ಟು ಕರಕಲಾದರೆ ನಡುವಿನ ಭಾಗ ಇನ್ನೂ ಒಡೆದೇ ಇರುವುದಿಲ್ಲ. ಹ್ಯಾಂಬರ್ಗಿನ ತಂಡ ಇದಕ್ಕೆ ಕಂಡುಕೊಂಡ ಪರಿಹಾರ ಮರಳು. ಬಿಸಿ ಮರಳಿನ ರಾಶಿಯ ಕೆಳಗಿನಿಂದ ಅನಿಲವನ್ನು ರಭಸವಾಗಿ ಹಾಯಿಸಿದರೆ ಮರಳಿನ ಕಣಗಳು ಮೇಲೆದ್ದು ಕುದಿಯುವ ನೀರಿನಂತೆ ಚಲಿಸುತ್ತವೆ. ಇದಕ್ಕೆ ತರಳೀಕೃತ ಹಾಸು ಎನ್ನುತ್ತಾರೆ. ಅದರೊಳಗೆ ಬಿದ್ದ ಪ್ಲಾಸ್ಟಿಕ್ ಚೂರಿಗೆ ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ ಶಾಖ ತಗಲುತ್ತದೆ. ಊರಿನಲ್ಲಿ ಮಂಡಕ್ಕಿ ಹುರಿಯುವವರು ಬಾಣಲೆಯಲ್ಲಿ ಮರಳು ಹಾಕುವುದರ ಹಿಂದೆಯೂ ಇದೇ ತತ್ತ್ವವಿದೆ.

ಇಲ್ಲೊಂದು ಸ್ವಾರಸ್ಯವಿದೆ. ಇದೇ ಸಿನ್ ಮತ್ತು ಕಾಮಿನ್ಸ್‌ಕಿ ಅದೇ ದಶಕದಲ್ಲಿ ಪಾಲಿಥೀನ್ ತಯಾರಿಕೆಗೆ ಅತ್ಯಂತ ಸಮರ್ಥವಾದ ಹೊಸ ಬಗೆಯ ಕ್ರಿಯಾವರ್ಧಕವನ್ನೂ ಕಂಡುಹಿಡಿದರು. ಕಟ್ಟುವ ವಿದ್ಯೆ ಮತ್ತು ಒಡೆಯುವ ವಿದ್ಯೆ ಒಂದೇ ವಿಭಾಗದಲ್ಲಿ ಜೊತೆಜೊತೆಯಾಗಿ ಬೆಳೆದವು. ಮೊದಲನೆಯದು ಜಗತ್ತಿನಾದ್ಯಂತ ಉದ್ಯಮವಾಯಿತು. ಎರಡನೆಯದು ಅಷ್ಟು ದೂರ ಸಾಗಲಿಲ್ಲ. 1980ರ ದಶಕದ ಮಧ್ಯದಲ್ಲಿ ತೈಲದ ಬೆಲೆ ಕುಸಿಯಿತು. ಕಸದಿಂದ ಎಣ್ಣೆ ತೆಗೆಯುವ ಆಸಕ್ತಿಯೂ ಕುಸಿಯಿತು.

ಜರ್ಮನಿ ಮತ್ತು ಜಪಾನಿನ ಪಾಠ

ಆಸಕ್ತಿ ಮತ್ತೆ ಚಿಗುರಿದ್ದು ಕಾನೂನಿನಿಂದ. 1991ರಲ್ಲಿ ಜರ್ಮನಿ, ಪ್ಯಾಕಿಂಗ್ ಸಾಮಗ್ರಿಯ ಕಸಕ್ಕೆ ಅದನ್ನು ಬಳಸಿದ ಕಂಪನಿಗಳೇ ಹೊಣೆ ಎಂಬ ನಿಯಮ ಜಾರಿಗೆ ತಂದಿತು. ರಾಶಿ ರಾಶಿ ಪ್ಲಾಸ್ಟಿಕ್ ಸಂಗ್ರಹವಾಯಿತು. 1994ರಲ್ಲಿ ಬಿಎಎಸ್‌ಎಫ್ ಕಂಪನಿ ಲುಡ್‌ವಿಗ್ಸ್‌ಹಾಫೆನ್‌ನಲ್ಲಿ ವರ್ಷಕ್ಕೆ 15,000 ಟನ್ ಪ್ಲಾಸ್ಟಿಕ್ಕನ್ನು ಎಣ್ಣೆಯಾಗಿಸುವ ಪ್ರಾಯೋಗಿಕ ಸ್ಥಾವರ ತೆರೆಯಿತು. ಮುಂದೆ ವರ್ಷಕ್ಕೆ 3 ಲಕ್ಷ ಟನ್‌ಗೆ ವಿಸ್ತರಿಸುವ ಯೋಜನೆಯಿತ್ತು. ಸ್ಥಾವರ ತಾಂತ್ರಿಕವಾಗಿ ಕೆಲಸ ಮಾಡಿತು. ಆದರೆ ಅಷ್ಟು ದೊಡ್ಡ ಪ್ರಮಾಣದ ಕಸ ದೀರ್ಘಕಾಲ ಸಿಗುವ, ಅದಕ್ಕೆ ಸಂಸ್ಕರಣಾ ಶುಲ್ಕ ದೊರೆಯುವ ಖಾತ್ರಿ ಇಲ್ಲದೆ 1996ರಲ್ಲಿ ಅದನ್ನು ನಿಲ್ಲಿಸಲಾಯಿತು. ಬಾಟ್ರಪ್ ಎಂಬಲ್ಲಿ ಕಲ್ಲಿದ್ದಲಿನಿಂದ ಎಣ್ಣೆ ತೆಗೆಯಲು ಕಟ್ಟಿದ್ದ ಸ್ಥಾವರವನ್ನು ಪ್ಲಾಸ್ಟಿಕ್‌ಗೆ ಮಾರ್ಪಡಿಸಿ, ಹೈಡ್ರೊಜನ್ ಬಳಸಿ ಎಣ್ಣೆ ತಯಾರಿಸಲಾಗುತ್ತಿತ್ತು. ಅದೂ 1999ರ ಹೊತ್ತಿಗೆ ಮುಚ್ಚಿತು. ಬ್ರೆಮೆನ್‌ನ ಉಕ್ಕಿನ ಕಾರ್ಖಾನೆ 1995ರಿಂದಲೇ ಪ್ಲಾಸ್ಟಿಕ್ ಚೂರುಗಳನ್ನು ನೇರವಾಗಿ ಊದುಕುಲುಮೆಗೆ ಹಾಕಲು ಆರಂಭಿಸಿತ್ತು. ಎಣ್ಣೆ ಮಾಡುವುದಕ್ಕಿಂತ ಅದು ಅಗ್ಗ.

ಜಪಾನಿನ ಕಥೆ ಇನ್ನಷ್ಟು ಬೋಧಪ್ರದ. 1995ರ ಕಾನೂನಿನಂತೆ 2000ದಿಂದ ಮನೆಗಳ ಪ್ಲಾಸ್ಟಿಕ್ ಪ್ಯಾಕಿಂಗ್ ಕಸವನ್ನು ಪ್ರತ್ಯೇಕವಾಗಿ ಸಂಗ್ರಹಿಸುವ ವ್ಯವಸ್ಥೆ ಬಂತು. ಅದೇ ವರ್ಷ ಸಪ್ಪೊರೊ ನಗರದಲ್ಲಿ ವರ್ಷಕ್ಕೆ 14,800 ಟನ್ ಸಾಮರ್ಥ್ಯದ ಸ್ಥಾವರ ಆರಂಭವಾಯಿತು. ಅದರ ಒಳಗೆ ನಡೆಯುತ್ತಿದ್ದುದನ್ನು ಗಮನಿಸಿದರೆ ತೊಡಕು ಎಲ್ಲಿದೆ ಎಂಬುದು ಅರ್ಥವಾಗುತ್ತದೆ. ಬಂದ ಕಸದಿಂದ ಮೊದಲು ಲೋಹ ಮತ್ತಿತರ ವಸ್ತುಗಳನ್ನು ಬೇರ್ಪಡಿಸಿ, ಚೂರು ಮಾಡಿ, ಒಣಗಿಸಬೇಕು. ಅನಂತರ ಸುಮಾರು 300 ಡಿಗ್ರಿಯಲ್ಲಿ ಕಾಯಿಸಿ ಕ್ಲೋರಿನ್ ತೆಗೆಯಬೇಕು. ಆಮೇಲಷ್ಟೇ ನಿಜವಾದ ಒಡೆಯುವ ಕೆಲಸ. ಅದು ನಡೆಯುತ್ತಿದ್ದುದು ಸುಮಾರು 400 ಡಿಗ್ರಿಯ, ತಿರುಗುವ ಕುಲುಮೆಯಲ್ಲಿ. ಗೋಡೆಗೆ ಅಂಟುವ ಕರಕಲನ್ನು ಉಜ್ಜಿ ತೆಗೆಯಲು ಕುಲುಮೆಯೊಳಗೆ ಪಿಂಗಾಣಿ ಗುಂಡುಗಳು ಉರುಳುತ್ತಿದ್ದವು. ಬಂದ ಎಣ್ಣೆಯನ್ನು ಹಗುರ, ಮಧ್ಯಮ, ಭಾರ ಎಂದು ಮೂರಾಗಿ ವಿಂಗಡಿಸಲಾಗುತ್ತಿತ್ತು. ಭಾರದ ಎಣ್ಣೆಯಿಂದ ವಿದ್ಯುತ್ ಉತ್ಪಾದಿಸಲಾಗುತ್ತಿತ್ತು.

ಇಂಥ ಸ್ಥಾವರ ಕೂಡ ಸುಮಾರು ಹತ್ತು ವರ್ಷ ನಡೆದು ನಿಂತಿತು. ಪ್ಲಾಸ್ಟಿಕ್ಕನ್ನು ಕಲ್ಲಿದ್ದಲಿನೊಂದಿಗೆ ಸ್ವಲ್ಪ ಪ್ರಮಾಣದಲ್ಲಿ ಬೆರೆಸಿ ಉಕ್ಕಿನ ಕಾರ್ಖಾನೆಯ ಕೋಕ್ ಕುಲುಮೆಗೆ ಹಾಕುವುದು ಕಡಿಮೆ ಖರ್ಚಿನ ದಾರಿಯಾಗಿತ್ತು. ಕಸದ ಹರಾಜಿನಲ್ಲಿ ಎಣ್ಣೆ ಸ್ಥಾವರ ಗೆಲ್ಲಲಾಗಲಿಲ್ಲ.

ತೊಡಕು ಎಲ್ಲಿದೆ?

ಈ ಎಲ್ಲ ಕಥೆಗಳಲ್ಲಿ ಸಮಾನವಾದ ಅಂಶ ಒಂದೇ: ಪ್ಲಾಸ್ಟಿಕ್ ಎಂಬುದು ಒಂದು ವಸ್ತುವಲ್ಲ. ಪಾಲಿಥೀನ್, ಪಾಲಿಪ್ರೊಪಿಲೀನ್, ಪಾಲಿಸ್ಟೈರೀನ್‌ಗಳಲ್ಲಿ ಕಾರ್ಬನ್ ಮತ್ತು ಹೈಡ್ರೊಜನ್ ಮಾತ್ರ ಇರುವುದರಿಂದ ಅವು ಒಳ್ಳೆಯ ಎಣ್ಣೆ ಕೊಡುತ್ತವೆ. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಒಂದು ಕಿಲೋಗ್ರಾಂ ಶುದ್ಧ ಪಿವಿಸಿ ಕಾಯಿಸಿದರೆ ಸುಮಾರು 580 ಗ್ರಾಂ ಹೈಡ್ರೊಜನ್ ಕ್ಲೋರೈಡ್ ಹೊರಬರುತ್ತದೆ. ಅದು ಉಪಕರಣಗಳನ್ನು ಕೊರೆಯುತ್ತದೆ, ಎಣ್ಣೆಯನ್ನೂ ಕೆಡಿಸುತ್ತದೆ. ನೀರಿನ ಬಾಟಲಿಯ ಪಿಇಟಿಯಲ್ಲಿ ಮೂರನೆಯ ಒಂದು ಭಾಗ ಆಕ್ಸಿಜನ್. ಅದು ಎಣ್ಣೆಯ ಬದಲು ಘನ ಆಮ್ಲಗಳನ್ನು ಕೊಟ್ಟು ಕೊಳವೆಗಳನ್ನು ಕಟ್ಟಿಸುತ್ತದೆ. ಇನ್ನು ಕುರುಕು ತಿಂಡಿಯ ಪ್ಯಾಕೆಟ್‌ಗಳಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಪದರಗಳ ಜೊತೆಗೆ ತೆಳುವಾದ ಅಲ್ಯೂಮಿನಿಯಂ ಲೇಪವೂ ಇರುತ್ತದೆ.

ವಸ್ತುಪ್ರದರ್ಶನದ ವಿದ್ಯಾರ್ಥಿ ಡಬ್ಬಿಗೆ ಹಾಕಿದ್ದು ಶುಚಿಯಾದ ಒಂದೇ ಬಗೆಯ ಚೀಲಗಳನ್ನು. ಅವನ ಪ್ರಯೋಗ ಯಶಸ್ವಿಯಾದದ್ದು ಕಾಯಿಸುವ ಮೊದಲೇ, ಆಯ್ಕೆಯ ಹಂತದಲ್ಲಿ. ಆ ಆಯ್ಕೆಯನ್ನು ದಿನಕ್ಕೆ ನೂರಾರು ಟನ್ ಕಸದ ಮೇಲೆ ಮಾಡುವುದೇ ನಿಜವಾದ ಸಮಸ್ಯೆ.

ಭೌತವಿಜ್ಞಾನದ ದೃಷ್ಟಿಯಿಂದ ಇದು ಕುತೂಹಲಕರ. ಹಾಲಿನ ಪ್ಯಾಕೆಟ್ಟನ್ನೂ ನೀರಿನ ಬಾಟಲಿಯನ್ನೂ ಬೇರೆ ಬೇರೆ ಬುಟ್ಟಿಗೆ ಹಾಕಲು ಬೇಕಾದ ಶಕ್ತಿ, ಅವುಗಳನ್ನು ಒಡೆಯಲು ಬೇಕಾದ ಶಕ್ತಿಯೊಂದಿಗೆ ಹೋಲಿಸಿದರೆ ಏನೇನೂ ಅಲ್ಲ. ಬೇಕಾಗುವುದು ಮಾಹಿತಿ. ಯಾವುದು ಏನು ಎಂಬ ಮಾಹಿತಿ ಅಡುಗೆಮನೆಯಲ್ಲಿ ಪೂರ್ಣವಾಗಿ ಇರುತ್ತದೆ. ಎಲ್ಲವೂ ಅನ್ನ ಸಾರಿನೊಂದಿಗೆ ಒಂದೇ ಚೀಲ ಸೇರಿ ಲಾರಿಯಲ್ಲಿ ಒತ್ತಿ ಹೋದಾಗ ಆ ಮಾಹಿತಿ ಕಳೆದುಹೋಗುತ್ತದೆ. ಕಳೆದುದನ್ನು ಮರಳಿ ಪಡೆಯಲು ತೊಳೆಯುವ ತೊಟ್ಟಿ, ಯಂತ್ರ, ಕಾರ್ಮಿಕರು ಎಲ್ಲ ಬೇಕು. ಸಪ್ಪೊರೊದ ಸ್ಥಾವರದ ಮುಂಭಾಗ ಅಷ್ಟು ದೊಡ್ಡದಾದದ್ದು ಈ ಕಾರಣದಿಂದ.

ಭಾರತದಲ್ಲಿ

ನಮ್ಮ ದೇಶದಲ್ಲಿ 2000ದ ದಶಕದ ಮೊದಲ ವರ್ಷಗಳಲ್ಲಿ ನಾಗಪುರದ ರಸಾಯನ ವಿಜ್ಞಾನದ ಅಧ್ಯಾಪಕಿ ಅಲ್ಕಾ ಝಡಗಾಂವ್ಕರ್ ಅವರ ಪ್ರಯತ್ನ ದೇಶದ ಗಮನ ಸೆಳೆಯಿತು. ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆ ಹಲವು ವರ್ಷಗಳ ಸಂಶೋಧನೆಯ ನಂತರ, ಗೇಲ್ ಸಂಸ್ಥೆಯ ನೆರವಿನಿಂದ ದಿನಕ್ಕೆ ಒಂದು ಟನ್ ಸಾಮರ್ಥ್ಯದ ಪ್ರಾಯೋಗಿಕ ಸ್ಥಾವರ ಕಟ್ಟಿತು. 2019ರ ಆಗಸ್ಟ್ 27ರಂದು ಅದರ ಉದ್ಘಾಟನೆ ನಡೆಯಿತು. ಒಂದು ಟನ್ ಪ್ಲಾಸ್ಟಿಕ್‌ನಿಂದ ಸುಮಾರು 800 ಲೀಟರ್ ಡೀಸೆಲ್ ಎಂಬುದು ಆಗ ನೀಡಿದ ಅಂಕಿ. ಡೀಸೆಲ್‌ನ ಸಾಂದ್ರತೆಯನ್ನು ಲೀಟರಿಗೆ 0.82 ಕಿಲೋಗ್ರಾಂ ಎಂದು ಹಿಡಿದರೆ ಇದು ಸುಮಾರು 650 ಕಿಲೋಗ್ರಾಂ ಆಗುತ್ತದೆ. ಉಳಿದದ್ದು ಅನಿಲ ಮತ್ತು ಶೇಷ. ಭೌತನಿಯಮಗಳಿಗೆ ಒಪ್ಪುವ ಅಂಕಿ ಇದು. ಯಾರಾದರೂ ಒಂದು ಕಿಲೋಗ್ರಾಂ ಪ್ಲಾಸ್ಟಿಕ್‌ನಿಂದ ಎರಡು ಲೀಟರ್ ಇಂಧನ ತೆಗೆದೆ ಎಂದರೆ ನಂಬಬೇಕಾಗಿಲ್ಲ. ಇದೇ ಲೆಕ್ಕವನ್ನು ವಿದ್ಯಾರ್ಥಿಗಳಿಂದ ಮಾಡಿಸಬಹುದು. ಡೆಹ್ರಾಡೂನಿನ ಸ್ಥಾವರಕ್ಕೂ ಬೇಕಾದದ್ದು ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ಜಾತಿಯ ಪ್ಲಾಸ್ಟಿಕ್ಕೇ ಎಂಬುದನ್ನು ಗಮನಿಸಬೇಕು.

ಇಂಧನವಾದ ಮಾತ್ರಕ್ಕೆ ಪ್ಲಾಸ್ಟಿಕ್ಕಿನ ಕಾರ್ಬನ್ ಮಾಯವಾಗುವುದಿಲ್ಲ. ಒಂದು ಕಿಲೋಗ್ರಾಂ ಪಾಲಿಥೀನಿನ ಕಾರ್ಬನ್ ಪೂರ್ತಿ ಉರಿದರೆ 3.1 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಈ ಕಾರಣಗಳಿಂದ ಐರೋಪ್ಯ ಒಕ್ಕೂಟ 2008ರ ತನ್ನ ಕಸ ನಿರ್ವಹಣೆಯ ನಿರ್ದೇಶನದಲ್ಲಿ, ಇಂಧನವಾಗಿ ಬಳಸುವ ವಸ್ತು ತಯಾರಿಸುವುದನ್ನು ಮರುಬಳಕೆ ಎಂದು ಪರಿಗಣಿಸುವುದಿಲ್ಲ ಎಂದಿತು. ಹೀಗಾಗಿ ಈಚಿನ ವರ್ಷಗಳಲ್ಲಿ ಈ ಎಣ್ಣೆಯನ್ನು ಉರಿಸುವ ಬದಲು ಮತ್ತೆ ಪ್ಲಾಸ್ಟಿಕ್ ತಯಾರಿಕೆಗೇ ಬಳಸುವತ್ತ ಗಮನ ಹರಿದಿದೆ. 1996ರಲ್ಲಿ ಕೈಬಿಟ್ಟಿದ್ದ ಬಿಎಎಸ್‌ಎಫ್ 2018ರಲ್ಲಿ ಅದೇ ಲುಡ್‌ವಿಗ್ಸ್‌ಹಾಫೆನ್‌ನಲ್ಲಿ ಪ್ಲಾಸ್ಟಿಕ್ ಎಣ್ಣೆಯನ್ನು ಕಚ್ಚಾ ವಸ್ತುವಾಗಿ ಬಳಸುವ ಪ್ರಯತ್ನ ಪುನಃ ಆರಂಭಿಸಿತು.

ತರಗತಿಯಲ್ಲಿ ಏನು ಮಾಡಬಹುದು?

2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ 2015ರವರೆಗೆ ಜಗತ್ತು ತಯಾರಿಸಿದ ಪ್ಲಾಸ್ಟಿಕ್ 830 ಕೋಟಿ ಟನ್. ಅದರಲ್ಲಿ ಕಸವಾದದ್ದು 630 ಕೋಟಿ ಟನ್. ಮರುಬಳಕೆಯಾದದ್ದು ಕಸದ ಶೇಕಡ 9 ಮಾತ್ರ. ಈ ಅಂಕಿಗಳ ಮುಂದೆ ದಿನಕ್ಕೆ ಒಂದು ಟನ್ ಕರಗಿಸುವ ಸ್ಥಾವರ ಚಿಕ್ಕದೇ. ಆದರೆ ವಿಂಗಡಿಸಿದ, ಬೇರೆ ಉಪಯೋಗಕ್ಕೆ ಬಾರದ ಪಾಲಿಥೀನಿಗೆ ಅದು ಸಲ್ಲುವ ದಾರಿ. ತೆರೆದ ಬಯಲಿನಲ್ಲಿ ಸುಡುವುದಕ್ಕಿಂತ ಖಂಡಿತ ಮೇಲು.

ಪ್ಲಾಸ್ಟಿಕ್ ಕಾಯಿಸುವ ಪ್ರಯೋಗವನ್ನು ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಮಾಡಬಾರದು. ಬರುವ ಆವಿ ಗಾಳಿಯೊಡನೆ ಬೆರೆತರೆ ಸ್ಫೋಟಿಸಬಹುದು, ಪಿವಿಸಿ ಇದ್ದರೆ ವಿಷಾನಿಲವೂ ಬರುತ್ತದೆ. ಅದರ ಬದಲು ವಿಂಗಡಣೆಯ ಪ್ರಯೋಗ ಮಾಡಿಸಬಹುದು. ಹಾಲಿನ ಪ್ಯಾಕೆಟ್, ನೀರಿನ ಬಾಟಲಿ, ಬಾಟಲಿಯ ಮುಚ್ಚಳ, ಪಾಲಿಸ್ಟೈರೀನಿನ ಗಟ್ಟಿ ಚಮಚ ಇವುಗಳ ಚಿಕ್ಕ ತುಂಡುಗಳನ್ನು ನೀರಿಗೆ ಹಾಕಿ, ಗಾಳಿಗುಳ್ಳೆ ಅಂಟದಂತೆ ಕಲಕಿ. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್‌ಗಳ ಸಾಂದ್ರತೆ ಒಂದಕ್ಕಿಂತ ಕಡಿಮೆ. ಆದ್ದರಿಂದ ಪ್ಯಾಕೆಟ್ ಮತ್ತು ಮುಚ್ಚಳ ತೇಲುತ್ತವೆ. ಬಾಟಲಿ ಮತ್ತು ಚಮಚ ಮುಳುಗುತ್ತವೆ. ನೀರಿಗೆ ಉಪ್ಪನ್ನು ಚೆನ್ನಾಗಿ ಬೆರೆಸಿದರೆ 1.05 ಸಾಂದ್ರತೆಯ ಚಮಚ ಮೇಲೆ ಬರುತ್ತದೆ, 1.38 ಸಾಂದ್ರತೆಯ ಬಾಟಲಿ ತಳದಲ್ಲೇ ಉಳಿಯುತ್ತದೆ. ಆರ್ಕಿಮಿಡೀಸನ ಈ ತತ್ತ್ವವನ್ನೇ ಕಾರ್ಖಾನೆಗಳ ದೊಡ್ಡ ತೊಟ್ಟಿಗಳಲ್ಲಿ ಬಳಸುತ್ತಾರೆ. ವಸ್ತುಗಳ ತಳದಲ್ಲಿ ತ್ರಿಕೋನದೊಳಗೆ ಅಚ್ಚಾಗಿರುವ 1ರಿಂದ 7ರವರೆಗಿನ ಸಂಖ್ಯೆ ಯಾವ ಜಾತಿಯ ಪ್ಲಾಸ್ಟಿಕ್ ಎಂಬುದನ್ನು ಸೂಚಿಸುತ್ತದೆ. 1988ರಲ್ಲಿ ಅಮೆರಿಕದಲ್ಲಿ ಆರಂಭವಾದ ಪದ್ಧತಿ ಇದು. ಪ್ರಯೋಗದ ಫಲಿತಾಂಶವನ್ನು ಆ ಸಂಖ್ಯೆಯೊಂದಿಗೆ ಹೋಲಿಸಿ ನೋಡಬಹುದು.

ಬೆಂಗಳೂರಿನ ಮನೆಗಳಲ್ಲಿ ಕಸವನ್ನು ಎರಡು ಬುಟ್ಟಿ, ಒಂದು ಚೀಲಗಳಲ್ಲಿ ವಿಂಗಡಿಸಿ ಕೊಡಬೇಕೆಂದು ಕರ್ನಾಟಕ ಉಚ್ಚ ನ್ಯಾಯಾಲಯ 2015ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿತ್ತು. ಅದನ್ನು ಬರಿಯ ಶುಚಿತ್ವದ ನಿಯಮ ಎಂದು ತಿಳಿದವರೇ ಹೆಚ್ಚು. ಹ್ಯಾಂಬರ್ಗ್, ಲುಡ್‌ವಿಗ್ಸ್‌ಹಾಫೆನ್, ಸಪ್ಪೊರೊಗಳ ಇತಿಹಾಸ ಓದಿದವರಿಗೆ ಅದು ಮರುಪಯಣದ ಮೊದಲ ರಾಸಾಯನಿಕ ಹಂತವಾಗಿ ಕಾಣಬೇಕು. ಅಡುಗೆಮನೆಯಲ್ಲಿ ಆಗದ ಆ ಕೆಲಸವನ್ನು ಕೊನೆಗೆ ಕಸದ ರಾಶಿಯ ಮೇಲೆ ಬರಿಗೈಯಲ್ಲಿ ಮಾಡುತ್ತಿರುವವರು ಚಿಂದಿ ಆಯುವವರು. ಪ್ಲಾಸ್ಟಿಕ್‌ನಿಂದ ಎಣ್ಣೆ ತೆಗೆಯುವ ಯಾವ ಸ್ಥಾವರವೂ ಅವರ ಕೆಲಸವನ್ನು ಬಿಟ್ಟು ಆರಂಭವಾಗುವುದಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಕ್ರಿಯಾವರ್ಧಕದ ಹೆಸರಿನೊಂದಿಗೆ ಈ ಮಾತನ್ನೂ ಕಲಿಸಬೇಕಾಗಿದೆ.